ಮಕ್ಕಳ ಮೇಜಿಗೆ ಯಾವ ಪಾಲಿಶ್ ಹಾಕಿಸಲಿ?

ನಾನು ಮರಗೆಲಸ ಮಾಡುತ್ತೇನೆಂದು ಗೊತ್ತಾದರೆ ಸಾಕು, ಮಕ್ಕಳಿರುವ ಮನೆಯವರು ಕೇಳಿಯೇ ಕೇಳುತ್ತಾರೆ: "ಮಗುವಿಗೆ ಮೇಜು, ಕುರ್ಚಿ ಮಾಡಿಸಿದ್ದೇವೆ. ಗೀಚಿದರೂ ಹೋಗಬಾರದು, ನೀರು ಚೆಲ್ಲಿದರೂ ಹಾಳಾಗಬಾರದು, ಬಾಯಿಗಿಟ್ಟರೂ ಏನೂ ಆಗಬಾರದು. ಅಂಥ ಪಾಲಿಶ್ ಯಾವುದು?"

ಅವಸರದಲ್ಲಿರುವವರಿಗೆ ಉತ್ತರ ಇಷ್ಟೇ. ಮೇಜು ಕುರ್ಚಿಗೆ ವಾಟರ್ ಬೇಸ್ ಪಿಯು, ಅಂದರೆ ನೀರು ಬೆರೆತ ಪಾಲಿಯುರೆಥೇನ್ ಪಾಲಿಶ್, ತೆಳುವಾಗಿ ಮೂರು ನಾಲ್ಕು ಕೋಟು. ಹಲ್ಲು ಬರುವ ಕೂಸು ಕಚ್ಚುವ ತೊಟ್ಟಿಲ ಕಂಬಿಗೆ ಅಗಸೆಯಂಥ ಒಣಗುವ ಎಣ್ಣೆ ಇಲ್ಲವೇ ಅರಗಿನ ಪಾಲಿಶ್.

ಆದರೆ ಎಲ್ಲಕ್ಕಿಂತ ಗಟ್ಟಿ ಯಾವುದು ಎಂದು ಕೇಳುವವರಿಗೆ ನಾನೂ ಒಂದು ಪ್ರಶ್ನೆ ಹಾಕುತ್ತೇನೆ: ಎರಡು ವರ್ಷದ ಮೇಲೆ ಅದನ್ನು ರಿಪೇರಿ ಮಾಡುವವರು ಯಾರು? ಮಕ್ಕಳ ಕೈಗೆ ಸಿಕ್ಕ ಮೇಜಿಗೆ ಗೀರು ಬೀಳದೆ ಇರುವುದಿಲ್ಲ. ಗಟ್ಟಿಯಾಗಿಸುವ ಹಾರ್ಡ್ನರ್ ಬೆರೆಸಿ ಸ್ಪ್ರೇ ಮಾಡುವ ಎರಡು ಡಬ್ಬಿಯ ಪಿಯು ನಿಜಕ್ಕೂ ಗಟ್ಟಿ. ಆದರೆ ಆಳವಾದ ಒಂದು ಗೀರು ಬಿತ್ತೆಂದರೆ ಅಲ್ಲಿಗಷ್ಟೇ ತೇಪೆ ಹಾಕಲು ಬರುವುದಿಲ್ಲ, ಇಡೀ ಹಲಗೆ ಉಜ್ಜಬೇಕು. ಸ್ಪ್ರೇ ಮಾಡುವಾಗ ಗಾಳಿಗೆ ಸೇರುವ, ಹಾರ್ಡ್ನರಿನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಕೆಟ್ಟದ್ದು, ಹಾಗಾಗಿ ಅದು ಮನೆಯೊಳಗೆ ಮಾಡುವ ಕೆಲಸವಂತೂ ಅಲ್ಲವೇ ಅಲ್ಲ. ಎಣ್ಣೆ ಇದಕ್ಕೆ ಪೂರ್ತಿ ಉಲ್ಟಾ. ಗೀರು ಬಿದ್ದ ಜಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿ ಬಟ್ಟೆಯಲ್ಲಿ ಎಣ್ಣೆ ಸವರಿದರೆ ಮುಗಿಯಿತು. ಆದರೆ ಸ್ಕೆಚ್ ಪೆನ್ನಿನ ಬಣ್ಣ ನೇರ ಮರದೊಳಗೆ ಇಳಿಯುತ್ತದೆ, ಹೊರಗೆ ಬರುವುದಿಲ್ಲ. ಬರೆಯುವ ಮೇಜಿಗೆ ಎಣ್ಣೆ ಬೇಡ ಅನ್ನುವುದು ಅದಕ್ಕೇ.

ಅರಗಿನ ಪಾಲಿಶ್ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತವಿದೆ. ಅರಗಿನ ಹುಳು ಸ್ರವಿಸುವ ಅಂಟನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದರೆ ಅದೇ ಪಾಲಿಶ್. ಮಾತ್ರೆ, ಮಿಠಾಯಿಗಳ ಹೊಳಪಿಗೂ ಇದೇ ಅರಗನ್ನು ಬಳಸುತ್ತಾರೆ. ಹೊಸ ಕೋಟು ಹಳೆಯದರೊಳಗೆ ಕರಗಿ ಒಂದಾಗುವುದರಿಂದ ತೇಪೆ ಹಾಕಿದ್ದು ಕಾಣುವುದೇ ಇಲ್ಲ. ಆದರೆ ಕೈಗೆ ಹಚ್ಚುವ ಸ್ಯಾನಿಟೈಸರ್ ಒಂದು ಹನಿ ಬಿದ್ದರೂ ಕಲೆ, ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ. ತೊಟ್ಟಿಲಿಗೆ ಸರಿ, ಮೇಜಿಗೆ ಅಲ್ಲ.

ಮೆಲಮೈನ್ ಪಾಲಿಶನ್ನು ಮಕ್ಕಳ ಕೋಣೆಗೆ ನಾನು ಹಾಕುವುದಿಲ್ಲ. ಅದು ಗಟ್ಟಿಯಾಗುತ್ತ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ಅನಿಲವನ್ನು ಬಿಡುತ್ತದೆ.

ಇನ್ನು ಬಾಯಿಗಿಟ್ಟರೆ ಏನು ಗತಿ ಅನ್ನುವ ಭಯ. ಇಲ್ಲಿ ಒಣಗುವುದು ಬೇರೆ, ಬಲಿಯುವುದು ಬೇರೆ. ವಾಟರ್ ಬೇಸ್ ಪಿಯು ಒಂದೆರಡು ಗಂಟೆಯಲ್ಲಿ ಕೈಗೆ ಅಂಟದಷ್ಟು ಒಣಗುತ್ತದೆ, ಪೂರ್ತಿ ಬಲಿಯಲು ಮೂರು ನಾಲ್ಕು ವಾರ ಬೇಕು. ಶನಿವಾರ ಪಾಲಿಶ್ ಹಾಕಿಸಿ ಸೋಮವಾರ ಮಗುವನ್ನು ಕೂರಿಸುವವರೇ ಹೆಚ್ಚು. ಒಂದು ತಿಂಗಳು ಗಾಳಿಯಾಡುವ ಕಡೆ ಇಡಿ, ಆಮೇಲೆ ಹಲಗೆಗೆ ಮೂಗು ಹಚ್ಚಿ ನೋಡಿ. ವಾಸನೆ ಇದ್ದರೆ ಇನ್ನೂ ಕಾಯಿರಿ. ಡಬ್ಬಿಯ ಮೇಲೆ 'ಮಕ್ಕಳಿಗೆ ಸುರಕ್ಷಿತ' ಎಂದು ಯಾರು ಬೇಕಾದರೂ ಬರೆಯಬಹುದು. ನಾನು ಹುಡುಕುವುದು ಇಎನ್ 71-3 ಎಂಬ ಸಾಲನ್ನು. ಅದು ಯುರೋಪಿನ ಆಟಿಕೆ ಮಾನದಂಡ. ಹೊಟ್ಟೆಯ ಆಮ್ಲವನ್ನು ಹೋಲುವ ದ್ರವದಲ್ಲಿ ಪಾಲಿಶನ್ನಿಟ್ಟಾಗ ಸೀಸ, ಕ್ಯಾಡ್ಮಿಯಂನಂಥವು ಎಷ್ಟು ಹೊರಬರುತ್ತವೆ ಎಂದು ಅದರಲ್ಲಿ ಅಳೆಯುತ್ತಾರೆ. ಅಜ್ಜಿಯ ಕಾಲದ ಬಣ್ಣ ಬಳಿದ ತೊಟ್ಟಿಲನ್ನು ಹೊಸದು ಮಾಡಲು ಹೊರಟಿದ್ದರೆ ಒಣ ಉಪ್ಪುಕಾಗದ ಹಿಡಿಯಬೇಡಿ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು, ಅದರ ಧೂಳು ಬಣ್ಣಕ್ಕಿಂತಲೂ ಅಪಾಯ.

ಎಣ್ಣೆ ಬಳಸುವವರಿಗೊಂದು ಎಚ್ಚರಿಕೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಹೀರುವಾಗ ಬಿಸಿಯಾಗುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಹೊರಹೋಗದೆ ತಾನಾಗಿ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಹೊರಗೆ ಅಗಲವಾಗಿ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಬಾಳಿಕೆಯ ಗುಟ್ಟು ಡಬ್ಬಿಗಿಂತ ಹೆಚ್ಚಾಗಿ ಅಂಚಿನಲ್ಲಿದೆ ಎಂದು ನನಗೆ ತಿಳಿದದ್ದು ಮಗಳ ಮೇಜಿನಿಂದ. ಹತ್ತರಿ ಹೊಡೆದು ಅಂಚನ್ನು ಚಾಕುವಿನ ಹಾಗೆ ಚೂಪಾಗಿ ಬಿಟ್ಟಿದ್ದೆ, ನೋಡಲು ಚೆಂದವಿತ್ತು. ನಾಲ್ಕು ಕೋಟು ಪಿಯು ಹೊಡೆದೆ. ಎಂಟೇ ತಿಂಗಳಲ್ಲಿ ಅವಳ ಮುಂಗೈ ಊರುವ ಕಡೆ, ಸರಿಯಾಗಿ ಒಂದು ಗೇಣಿನಷ್ಟು ಉದ್ದಕ್ಕೆ ಪಾಲಿಶ್ ಸವೆದು ಮರ ಬೂದು ಬಣ್ಣಕ್ಕೆ ತಿರುಗಿತ್ತು. ಉಳಿದ ಹಲಗೆ ಹೊಸದರಂತಿತ್ತು. ಚೂಪು ಅಂಚಿನಲ್ಲಿ ಪಾಲಿಶ್ ನಿಲ್ಲುವುದಿಲ್ಲ, ಹಸಿಯಿರುವಾಗಲೇ ಅಲ್ಲಿಂದ ಹಿಂದೆ ಸರಿದು ತೆಳುವಾಗಿಬಿಡುತ್ತದೆ. ಈಗ ಪ್ರತಿ ಅಂಚನ್ನೂ ಮೂರು ಮಿಲಿಮೀಟರಿನಷ್ಟು ದುಂಡು ಮಾಡುತ್ತೇನೆ. ಮಗು ಬಿದ್ದರೆ ಹಣೆಗೂ ಒಳ್ಳೆಯದು.

ಅದೇ ಮೇಜಿನ ಮೇಲೆ ಸಂಜೆ ಓರೆ ಬೆಳಕು ಬಿದ್ದಾಗ ಅವಳ ಲೆಕ್ಕಗಳೆಲ್ಲ ಕಾಣುತ್ತವೆ. ತಿರುಗುಮುರುಗಾಗಿ ಬರೆದ ಒಂದು 7 ಕೂಡ. ಪಾಲಿಶ್ ಎಲ್ಲೂ ಹರಿದಿಲ್ಲ, ಪೆನ್ಸಿಲ್ ಒತ್ತಿದ ಕಡೆ ಕೆಳಗಿನ ಮರ ಕುಸಿದಿದೆ. ನಾಲ್ಕು ಕೋಟು ಸೇರಿದರೂ ದಪ್ಪ ಒಂದು ಹಾಳೆ ಕಾಗದದಷ್ಟೇ. ಪೈನಿನಂಥ ಮೆದು ಮರಕ್ಕೆ ಎಂಥ ಪಾಲಿಶ್ ಹಾಕಿದರೂ ಇದು ತಪ್ಪುವುದಿಲ್ಲ. ಬೇಡವೆಂದರೆ ಗಟ್ಟಿ ಮರವನ್ನೇ ಆರಿಸಬೇಕು.

ಹೊಳಪು ಬೇಕೆ ಎಂದರೆ, ಬೇಡ. ಹೊಳೆಯುವ ಗ್ಲಾಸಿ ಪಾಲಿಶಿನಲ್ಲಿ ಕೂದಲೆಳೆಯ ಗೀರೂ ಎದ್ದು ಕಾಣುತ್ತದೆ, ಅರೆಹೊಳಪಿನ ಸ್ಯಾಟಿನ್ ಅದನ್ನು ಮುಚ್ಚಿಹಾಕುತ್ತದೆ.

ಕೊನೆಗೆ ಕುರ್ಚಿಯನ್ನು ತಲೆಕೆಳಗು ಮಾಡಿ ಕಾಲಿನ ತಳ ನೋಡಿ. ಬಹಳಷ್ಟು ಕಡೆ ಅಲ್ಲಿ ಪಾಲಿಶ್ ಇರುವುದೇ ಇಲ್ಲ. ಮರದ ನಾರು ಕೊಳವೆಗಳಂತೆ ಬಾಯಿ ತೆರೆದಿರುವ ಜಾಗ ಅದು, ನೆಲ ಒರೆಸಿದಾಗಲೆಲ್ಲ ನೀರು ಹೀರುತ್ತದೆ. ಮೇಲಿನ ಪಾಲಿಶ್ ಏಳಲು ಶುರುವಾಗುವುದು ಅಲ್ಲಿಂದಲೇ. ಅದು ಹೀರುವುದನ್ನು ನಿಲ್ಲಿಸುವವರೆಗೂ ಬ್ರಷ್ಷಿನಲ್ಲಿ ಕುಡಿಸುತ್ತ ಹೋಗಿ, ಐದು ಕೋಟಾದರೂ ಬೇಕಾಗಬಹುದು.