ಅಪ್ಪನ ಕಾಲದ ಟರ್ನ್‌ಟೇಬಲ್‌ಗೆ ಯಾವ ಕಾರ್ಟ್ರಿಜ್ ಹಾಕಿಸಲಿ?

ಈ ಪ್ರಶ್ನೆ ನನ್ನ ಬಳಿ ಬರುವ ರೀತಿ ಹೆಚ್ಚುಕಡಿಮೆ ಪ್ರತಿ ಸಲವೂ ಒಂದೇ. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದಿಂದ ಒಂದು ಟರ್ನ್‌ಟೇಬಲ್ ಕೆಳಗಿಳಿದಿರುತ್ತದೆ. ಅದರ ಜೊತೆಗೆ ಒಂದು ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯ ತುಂಬ ಹಾಡಿನ ಪ್ಲೇಟುಗಳು. ಮೋಟಾರು ತಿರುಗುತ್ತದೆ. ಸದ್ದು ಮಾತ್ರ ಬರುವುದಿಲ್ಲ, ಬಂದರೂ ನೆಗಡಿ ಹಿಡಿದವರು ಹಾಡಿದಂತೆ ಬರುತ್ತದೆ. ಕಾರ್ಟ್ರಿಜ್, ಅಂದರೆ ಸೂಜಿಯ ಕಂಪನವನ್ನು ವಿದ್ಯುತ್ತಾಗಿಸುವ ತೋಳಿನ ತುದಿಯ ಪುಟ್ಟ ಡಬ್ಬಿ, ಹೋಗಿದೆ ಎಂದು ಯಾರೋ ತೀರ್ಪು ಕೊಟ್ಟಿರುತ್ತಾರೆ. ಕಳೆದ ಯುಗಾದಿಯ ಹೊತ್ತಿಗೆ ನನ್ನ ತಂಗಿಯ ಮಗನೇ ಫೋನ್ ಮಾಡಿದ. "ಮಾವ, ತಾತನ ಗ್ಯಾರಾರ್ಡ್ ಟರ್ನ್‌ಟೇಬಲ್ ಸಿಕ್ಕಿದೆ. ಜಾಸ್ತಿ ದುಡ್ಡು ಹಾಕುವುದಿಲ್ಲ. ಯಾವುದು ಒಳ್ಳೆಯದು, ಒಂದು ಹೆಸರು ಹೇಳಿಬಿಡಿ."

ಹೆಸರು ಹೇಳುವುದು ಸುಲಭ. ಆದರೆ ನನ್ನ ಮೊದಲ ಉತ್ತರ ಅದಲ್ಲ, ಮತ್ತು ಅದು ಯಾರಿಗೂ ಹಿಡಿಸುವುದಿಲ್ಲ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ.

ಸದ್ದಿಲ್ಲದ ಟರ್ನ್‌ಟೇಬಲ್‌ಗಳಲ್ಲಿ ಕಾರ್ಟ್ರಿಜ್ ಸರಿಯಾಗಿಯೇ ಇದ್ದದ್ದನ್ನು ನಾನು ಹಲವು ಸಲ ಕಂಡಿದ್ದೇನೆ. ತೋಳಿನ ತುದಿಯಲ್ಲಿ ಕಾರ್ಟ್ರಿಜ್ ಕೂರುವ ಹೆಡ್‌ಶೆಲ್ ಇದೆಯಲ್ಲ, ಅದರ ಹಿಂದಿನ ನಾಲ್ಕು ಪುಟ್ಟ ಬಿಂದುಗಳು ವರ್ಷಾನುಗಟ್ಟಲೆ ಗಾಳಿಗೆ ಕಪ್ಪಾಗಿರುತ್ತವೆ. ಹೆಡ್‌ಶೆಲ್ ಬಿಚ್ಚಿ, ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಆ ಬಿಂದುಗಳನ್ನು ಮೆತ್ತಗೆ ಉಜ್ಜಿ, ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿ. ಖರ್ಚು ಐದು ರೂಪಾಯಿ. ಆಮೇಲೂ ಒಂದು ಕಡೆಯ ಸ್ಪೀಕರ್ ಮೌನವಾಗಿದ್ದರೆ ಕಾರ್ಟ್ರಿಜ್‌ನ ಹಿಂಬದಿಯ ನಾಲ್ಕು ತಂತಿಗಳನ್ನು ನೋಡಿ. ಕೆಂಪು ಮತ್ತು ಹಸಿರು ಬಲಗಡೆಯವು, ಬಿಳಿ ಮತ್ತು ನೀಲಿ ಎಡಗಡೆಯವು. ಎರಡು ಜೋಡಿಗಳನ್ನು ಅದಲುಬದಲು ಮಾಡಿ. ಮೌನ ಈಗ ಇನ್ನೊಂದು ಸ್ಪೀಕರಿಗೆ ಹೋದರೆ ಕಾರ್ಟ್ರಿಜ್‌ನದೇ ತಪ್ಪು. ಹೋಗದೆ ಇದ್ದಲ್ಲೇ ಇದ್ದರೆ ತಪ್ಪು ತಂತಿಯಲ್ಲೋ ಆಂಪ್ಲಿಫೈಯರಿನಲ್ಲೋ ಇದೆ. ಹೊಸ ಕಾರ್ಟ್ರಿಜ್ ತಂದರೂ ಅದೇ ಮೌನ.

ಸದ್ದು ಬರುತ್ತಿದೆ, ಆದರೆ ಒರಟಾಗಿದೆ ಎನ್ನುವವರ ಕತೆ ಬೇರೆ. ಹಾಡಿನಲ್ಲಿ ಸ, ಶ, ಚ ಅಕ್ಷರಗಳು ಬಂದಾಗ ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ ಚಟಚಟ ಎಂದರೆ, ಅದರಲ್ಲೂ ಪ್ಲೇಟಿನ ಒಳಸುತ್ತಿನ ಕೊನೆಯ ಹಾಡಿನಲ್ಲಿ ಅದು ಹೆಚ್ಚಾದರೆ, ಸೂಜಿ ಸವೆದಿರುವ ಸಂಭವ ಹೆಚ್ಚು. ಸೂಜಿ ಬೇರೆ, ಕಾರ್ಟ್ರಿಜ್ ಬೇರೆ. ಈ ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮೂವಿಂಗ್ ಮ್ಯಾಗ್ನೆಟ್ ಎನ್ನುವ ಬಗೆಯ ಕಾರ್ಟ್ರಿಜ್‌ನಲ್ಲಿ ಸೂಜಿಯ ಭಾಗ ಮುಂದಕ್ಕೆ ಎಳೆದರೆ ಕಳಚಿಕೊಂಡು ಬರುತ್ತದೆ. ಉಳಿದ ದೇಹದಲ್ಲಿ ಇರುವುದು ತಂತಿಯ ಸುರುಳಿಗಳು ಮಾತ್ರ. ಸುರುಳಿಗೆ ಸವೆತವಿಲ್ಲ, 50 ವರ್ಷವಾದರೂ ಅದು ಬದುಕಿರುತ್ತದೆ. ಸವೆಯುವುದು ವಜ್ರದ ತುದಿ, ಗಟ್ಟಿಯಾಗುವುದು ಸೂಜಿಯ ಬುಡದ ರಬ್ಬರು. ಎರಡೂ ಕಳಚಿ ಬರುವ ಭಾಗದಲ್ಲೇ ಇವೆ. ಅಮೆರಿಕದ ಶೂರ್ ಕಂಪನಿ 2018ರಲ್ಲಿ ಕಾರ್ಟ್ರಿಜ್ ತಯಾರಿಕೆಯನ್ನೇ ನಿಲ್ಲಿಸಿತು. ಆದರೂ ಅದರ ಹಳೆಯ ದೇಹಗಳಿಗೆ ಒಪ್ಪುವ ಸೂಜಿಗಳನ್ನು ಜಪಾನಿನ ಜಿಕೊದಂಥವರು ಇಂದಿಗೂ ಮಾಡುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. ಆ ಕಾಲದ್ದೇ, ಡಬ್ಬಿ ಒಡೆಯದ ಸೂಜಿ ಎಂದು ಮಾರುವವರಿದ್ದಾರೆ. ನಾನೂ ಒಮ್ಮೆ ಆಸೆಬಿದ್ದು ತರಿಸಿದೆ. ವಜ್ರ ಹೊಸದೇ, ಸುಳ್ಳಲ್ಲ. ಆದರೆ ರಬ್ಬರು ಡಬ್ಬಿಯೊಳಗೇ ಮುದಿಯಾಗಿ ಕಲ್ಲಾಗಿತ್ತು. ಸೂಜಿ ಗೆರೆಯಲ್ಲಿ ಓಡುವ ಬದಲು ಗೆರೆಯ ಮೇಲೆ ಜಿಗಿಯುತ್ತಿತ್ತು. ಈಗ ತಯಾರಾದ ಸಾಧಾರಣ ಸೂಜಿ, ಅಂದು ತಯಾರಾದ ಉತ್ತಮ ಸೂಜಿಗಿಂತ ಮೇಲು.

ದೇಹವೇ ಸತ್ತಿದೆ, ಅಥವಾ ಯಾರೋ ಕಾರ್ಟ್ರಿಜ್ ಕಿತ್ತುಕೊಂಡು ಹೋಗಿದ್ದಾರೆ ಎಂದಿಟ್ಟುಕೊಳ್ಳೋಣ. ಈಗ ಕೊಳ್ಳಲೇಬೇಕು. ಆಗಲೂ ನಾನು ಕೇಳುವುದು ನಿಮ್ಮ ತೋಳು ಎಂಥದ್ದು ಎಂದು.

ತೊಲೆಗೆ ಸ್ಪ್ರಿಂಗ್ ತೂಗುಹಾಕಿ ಅದಕ್ಕೆ ಮಗುವಿನ ಜೋಲಿ ಕಟ್ಟುವುದನ್ನು ನೀವು ನೋಡಿರುತ್ತೀರಿ. ಎಳೆಗೂಸು ಮಲಗಿದಾಗ ಜೋಲಿ ಚುರುಕಾಗಿ ಕುಣಿಯುತ್ತದೆ. ಅದೇ ಕೂಸು ಎಂಟು ತಿಂಗಳಾಗಿ ಮೈಕೈ ತುಂಬಿಕೊಂಡ ಮೇಲೆ ಅದೇ ಜೋಲಿ ನಿಧಾನವಾಗಿ ಏಳುತ್ತದೆ, ನಿಧಾನವಾಗಿ ಇಳಿಯುತ್ತದೆ. ಸೂಜಿಯ ಬುಡದ ರಬ್ಬರೇ ಆ ಸ್ಪ್ರಿಂಗ್. ತೋಳು ಮತ್ತು ಕಾರ್ಟ್ರಿಜ್‌ನ ಒಟ್ಟು ಭಾರವೇ ಆ ಮಗು. ಎರಡೂ ಸೇರಿ ಸೆಕೆಂಡಿಗೆ 8ರಿಂದ 12 ಸಲ ಕುಣಿಯುವಂತಿದ್ದರೆ ಕ್ಷೇಮ. ಅದಕ್ಕಿಂತ ತೀರ ನಿಧಾನವಾದರೆ, ಅಟ್ಟದಲ್ಲಿ ಬಿಸಿಲಿಗೆ ಸೊಟ್ಟಗಾದ ಪ್ಲೇಟಿನ ಏರಿಳಿತಕ್ಕೆ ತೋಳು ತಾಳ ಹಾಕತೊಡಗುತ್ತದೆ. 20ರ ಹತ್ತಿರ ಹೋದರೆ ಸಂಗೀತದ ಕೆಳಗಿನ ಸ್ವರಗಳಿಗೇ ಕೈಹಾಕುತ್ತದೆ.

ಲೆಕ್ಕ ಇಷ್ಟವಿದ್ದವರಿಗೆ ಲೆಕ್ಕವೂ ಇದೆ. ತೋಳಿನ ಪರಿಣಾಮಕಾರಿ ಭಾರ (ತೋಳು ಆಡುವಾಗ ಸೂಜಿಯ ತುದಿಗೆ ತಟ್ಟುವ ಭಾರ), ಕಾರ್ಟ್ರಿಜ್‌ನ ತೂಕ, ತಿರುಪುಗಳ ತೂಕ ಮೂರನ್ನೂ ಗ್ರಾಂನಲ್ಲಿ ಕೂಡಿ. ಅದನ್ನು ರಬ್ಬರಿನ ಮೆದುತನ (ಕಂಪ್ಲಯನ್ಸ್) ಹೇಳುವ ಅಂಕಿಯಿಂದ ಗುಣಿಸಿ ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಿ. ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಎಂಬ ಟರ್ನ್‌ಟೇಬಲ್‌ನ ತೋಳು 12 ಗ್ರಾಂ. ಅದಕ್ಕೆ ಆರ್ಟೊಫಾನ್ 2ಎಂ ರೆಡ್ ಹಾಕಿದರೆ ಕಾರ್ಟ್ರಿಜ್ 7.2 ಗ್ರಾಂ, ತಿರುಪು ಅರ್ಧ ಗ್ರಾಂ, ಮೆದುತನ 20. ಉತ್ತರ 8. ಗಡಿಯೊಳಗೇ ಇದೆ, ಆದರೆ ಹೊಸ್ತಿಲ ಮೇಲೆ ಕಾಲಿಟ್ಟಂತೆ. ಜಪಾನಿನ ಕಂಪನಿಗಳು ಮೆದುತನವನ್ನು ಬೇರೆ ರೀತಿಯಲ್ಲಿ, 100 ಹರ್ಟ್ಸ್‌ನಲ್ಲಿ ಅಳೆಯುತ್ತವೆ. ಅವರ ಅಂಕಿಯನ್ನು ಸುಮಾರು ಒಂದೂಮುಕ್ಕಾಲು ಪಟ್ಟು ಮಾಡಿಕೊಂಡು ಈ ಲೆಕ್ಕಕ್ಕೆ ಇಳಿಯಿರಿ.

ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು. ವರ್ಷಗಳ ಹಿಂದೆ, ಹೊಗಳಿಕೆಯ ಮಾತು ಓದಿ, ಬಹಳ ಮೆದು ರಬ್ಬರಿನ ಒಂದು ದುಬಾರಿ ಕಾರ್ಟ್ರಿಜ್ ತಂದು ನನ್ನ ಭಾರದ ತೋಳಿಗೆ ಕಟ್ಟಿದೆ. ಸ್ಪೀಕರಿನ ದೊಡ್ಡ ಕೋನು ಸದ್ದೇ ಇಲ್ಲದೆ ಏದುಸಿರು ಬಿಡುವವರ ಹೊಟ್ಟೆಯ ಹಾಗೆ ಒಳಗೂ ಹೊರಗೂ ಆಡತೊಡಗಿತು. ಆಂಪ್ಲಿಫೈಯರ್ ಕೆಟ್ಟಿದೆ ಎಂದುಕೊಂಡು ರಿಪೇರಿಗೆ ಕೊಟ್ಟೆ. ಅವರು ಮೂರು ವಾರ ಇಟ್ಟುಕೊಂಡು, ಧೂಳು ಒರೆಸಿ, ಬಿಲ್ಲಿನೊಂದಿಗೆ ವಾಪಸು ಕೊಟ್ಟರು. ಕೋನು ಆಡುತ್ತಲೇ ಇತ್ತು. ಕೊನೆಗೆ ಅರ್ಧ ಬೆಲೆಯ, ಬಿಗಿ ರಬ್ಬರಿನ ಕಾರ್ಟ್ರಿಜ್ ಹಾಕಿದ ದಿನ ಅದು ನಿಂತಿತು.

ತೋಳಿನ ಜೊತೆಗೆ ಆಂಪ್ಲಿಫೈಯರಿನ ಬೆನ್ನನ್ನೂ ನೋಡಬೇಕು. ಫೋನೊ ಎಂದು ಬರೆದ ಜಾಗ ಇದೆಯೇ? ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು ನಾಲ್ಕೈದು ಮಿಲಿವೋಲ್ಟ್ ಮಾತ್ರ, ಆ ಜಾಗ ಇಲ್ಲದಿದ್ದರೆ ಸೊಳ್ಳೆಯ ದನಿ. ಎಚ್‌ಎಂವಿ ಫಿಯೆಸ್ಟಾದಂಥ, ಪೆಟ್ಟಿಗೆಯೊಳಗೇ ಸ್ಪೀಕರಿರುವ ಪ್ಲೇಯರುಗಳಲ್ಲಿ ಇರುವುದು ಸೆರಾಮಿಕ್ ಕಾರ್ಟ್ರಿಜ್. ಅದು ನೂರಾರು ಮಿಲಿವೋಲ್ಟ್ ಕೊಡುತ್ತದೆ, ಅದರ ಆಂಪ್ಲಿಫೈಯರ್ ಅದಕ್ಕೆಂದೇ ಮಾಡಿದ್ದು. ಅದಕ್ಕೆ ಮ್ಯಾಗ್ನೆಟ್ ಕಾರ್ಟ್ರಿಜ್ ಹಾಕಿಸುತ್ತೇನೆ ಎಂದು ಹೊರಟವರನ್ನು ನಾನು ಬಾಗಿಲಲ್ಲೇ ತಡೆಯುತ್ತೇನೆ. ಸೆರಾಮಿಕ್ಕನ್ನೇ ಹುಡುಕಿ ಹಾಕಿ, ಅಪರೂಪದ ಪ್ಲೇಟುಗಳನ್ನು ಮಾತ್ರ ಅದರ ಮೇಲೆ ನುಡಿಸಬೇಡಿ. ಮೂವಿಂಗ್ ಕಾಯಿಲ್ ಎನ್ನುವ ಇನ್ನೊಂದು ಬಗೆಯಿದೆ. ಅದರ ಸೂಜಿ ಮನೆಯಲ್ಲಿ ಬದಲಾಯಿಸಲು ಬರುವುದಿಲ್ಲ, ಬಹುಪಾಲಿಗೆ ಇನ್ನಷ್ಟು ಹೆಚ್ಚು ವರ್ಧನೆ ಬೇಕು. ಬಜೆಟ್ ಎಂಬ ಪದ ಬಳಸಿದವರು ಅದರ ಕಡೆ ತಿರುಗಿಯೂ ನೋಡಬಾರದು.

ಹೆಸರುಗಳಿಗೆ ಬರುತ್ತೇನೆ. ಬೆಲೆಗಳನ್ನು ಬರೆಯುವುದಿಲ್ಲ. ಡಾಲರ್ ಮತ್ತು ಸುಂಕ ಅದನ್ನು ಒಂದು ಕಡೆ ನಿಲ್ಲಲು ಬಿಡುವುದಿಲ್ಲ.

ತೋಳು ಒರಟು, ಕೀಲುಗಳು ಬಿಗಿ, ಎರಡು ಗ್ರಾಂಗಿಂತ ಕಡಿಮೆ ಒತ್ತಡದಲ್ಲಿ ಪ್ಲೇಟಿನ ಮೇಲೆ ಜಾರುತ್ತದೆ ಎಂದಾದರೆ ಆಡಿಯೊ-ಟೆಕ್ನಿಕಾದ ಎಟಿ3600ಎಲ್ ಸಾಕು. ಎರಡೂವರೆಯಿಂದ ಮೂರೂವರೆ ಗ್ರಾಂ ಒತ್ತಡ ಬೇಡುವ, ಗೋಲ ತುದಿಯ, ತೀರ ಅಗ್ಗದ ಕಾರ್ಟ್ರಿಜ್. ಅದನ್ನು ಹೀಯಾಳಿಸುವವರಿದ್ದಾರೆ. ಅವರಲ್ಲಿ ಹಲವರು ಕಣ್ಣುಮುಚ್ಚಿ ಕೇಳಿದಾಗ ಮೆಚ್ಚಿದ್ದನ್ನು ನಾನು ನೋಡಿದ್ದೇನೆ.

ತೋಳು ತಕ್ಕಮಟ್ಟಿಗೆ ಚೆನ್ನಾಗಿದ್ದರೆ ನಾನು ಹೇಳುವುದು ಅದೇ ಕಂಪನಿಯ ವಿಎಂ95 ಸರಣಿ. ಕಾರಣ ನಾದಕ್ಕಿಂತ ಹೆಚ್ಚಾಗಿ ಲೆಕ್ಕಾಚಾರದ್ದು. ದೇಹ ಒಂದೇ, ಸೂಜಿ ಆರು ಬಗೆ. ಇಂದು ಗೋಲ ತುದಿಯ ಸಿ ಅಥವಾ ಅಂಡಾಕಾರದ ಇ ಕೊಂಡವರು ನಾಳೆ ಇನ್ನೂ ಸೂಕ್ಷ್ಮವಾದ ಮೈಕ್ರೊಲೈನ್ ತುದಿಯ ಎಂಎಲ್ ಸೂಜಿಯೊಂದನ್ನೇ ತಂದು ಸಿಕ್ಕಿಸಬಹುದು. ತಿರುಪು ಬಿಚ್ಚಬೇಕಿಲ್ಲ, ತಂತಿ ಮುಟ್ಟಬೇಕಿಲ್ಲ. ಕಂಪನಿ ನಾಟಕಗಳ ಹಾಡಿರುವ, ನಿಮಿಷಕ್ಕೆ 78 ಸುತ್ತಿನ ಅರಗಿನ ಪ್ಲೇಟುಗಳು ನಿಮ್ಮಲ್ಲಿದ್ದು, ನಿಮ್ಮ ಟರ್ನ್‌ಟೇಬಲ್‌ನಲ್ಲಿ ಆ ವೇಗವೂ ಇದ್ದರೆ ಎಸ್‌ಪಿ ಎನ್ನುವ ಸೂಜಿ ಅದಕ್ಕೆಂದೇ ಇದೆ. 78ರ ಗೆರೆ ಅಗಲ, ಅದಕ್ಕೆ 3 ಮಿಲ್‌ನ (ಮಿಲ್ ಎಂದರೆ ಇಂಚಿನ ಸಾವಿರದ ಒಂದು ಭಾಗ) ದಪ್ಪ ತುದಿ ಬೇಕು. ಎಲ್‌ಪಿಯ ಸೂಜಿ ಆ ಗೆರೆಯ ತಳಕ್ಕೆ ಬಿದ್ದು ಕಸ ಗುಡಿಸುತ್ತದೆ ಅಷ್ಟೆ.

ಸೂಜಿಯ ಆಯಸ್ಸನ್ನು ಆ ಕಂಪನಿಯೇ ಹೇಳುತ್ತದೆ. ಅಂಡಾಕಾರದ್ದಕ್ಕೆ 300 ಗಂಟೆ, ಗೋಲದ್ದಕ್ಕೆ 500, ಮೈಕ್ರೊಲೈನ್‌ಗೆ 1000. ದಿನಕ್ಕೊಂದು ಎಲ್‌ಪಿ, 40 ನಿಮಿಷದಂತೆ ಕೇಳುವವರಿಗೆ ಇ ಸೂಜಿ ವರ್ಷ ಮೂರು ತಿಂಗಳಿಗೆ ಮುಗಿಯುತ್ತದೆ, ಎಂಎಲ್ ನಾಲ್ಕು ವರ್ಷ ಬಾಳುತ್ತದೆ. ಹಾಗಾಗಿ ದಿನವೂ ಕೇಳುವವರಿಗೆ ದುಬಾರಿ ಸೂಜಿಯೇ ಕೈಗೆಟಕುವ ಸೂಜಿ. ಹಬ್ಬಕ್ಕೆ ಹುಣ್ಣಿಮೆಗೆ ಕೇಳುವವರಿಗೆ ಸಿ ಬಹಳ ಆಯಿತು. ಇನ್ನೊಂದು ಮಾತು: ನಮ್ಮ ಮನೆಗಳ ಪ್ಲೇಟುಗಳು ಹೆಚ್ಚಿನವು ಭಾರದ ಸೆರಾಮಿಕ್ ಹೆಡ್ಡಿನಲ್ಲಿ ಉಳುಮೆಯಾದವು. ಸೂಕ್ಷ್ಮ ತುದಿ ಗೆರೆಯ ಗೋಡೆಯಲ್ಲಿ ಹಳೆಯ ಸೂಜಿ ಮುಟ್ಟದ ಜಾಗವನ್ನು ಹುಡುಕಿಕೊಂಡು ಕೆಲವು ಪ್ಲೇಟುಗಳಿಗೆ ಮರುಜೀವ ಕೊಡುತ್ತದೆ, ಕೆಲವದರಲ್ಲಿ ಗಾಯಗಳನ್ನೇ ಓದಿ ಹೇಳುತ್ತದೆ. ಯಾವುದು ಯಾವಾಗ ಎಂಬುದು ಸೂಜಿ ಇಳಿಸಿದ ಮೇಲೆಯೇ ಗೊತ್ತಾಗುವುದು.

ಕೂರಿಸುವ ಕೆಲಸಕ್ಕೆ ಒಂದು ಸಂಜೆ ಬೇಕು. ತಂತಿಯ ತುದಿಯ ಕ್ಲಿಪ್ಪುಗಳನ್ನು ಚಿಮಟದಲ್ಲಿ ಹಿಡಿಯಿರಿ, ತಂತಿ ಎಳೆಯಬೇಡಿ. ಕಿತ್ತು ಬಂದರೆ ಕಾರ್ಟ್ರಿಜ್‌ನ ಪಿನ್ನಿಗೆ ನೇರವಾಗಿ ಬೆಸುಗೆ ಹಾಕಲೇಬೇಡಿ, ಕಾವು ಒಳಗಿನ ಸುರುಳಿಯನ್ನು ಸುಡುತ್ತದೆ. ಒತ್ತಡ ಅಳೆಯಲು ಚಿನ್ನ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ಸಾಕು. ವಿಎಂ95ಇಗೆ ಬೇಕಾದ್ದು 2 ಗ್ರಾಂ, ನಮ್ಮ ಅಜ್ಜಿಯರ ಲೆಕ್ಕದಲ್ಲಿ ಹದಿನಾರು ಹದಿನೇಳು ಗುಲಗಂಜಿ. ತಕ್ಕಡಿಯ ಮೇಲೆ ನಂಬಿಕೆಯಿಲ್ಲದಿದ್ದರೆ 2012ರಿಂದ 2018ರವರೆಗಿನ ಇಸವಿಯ ಒಂದು ರೂಪಾಯಿ ನಾಣ್ಯ ಇಟ್ಟು ನೋಡಿ, 3.79 ತೋರಿಸಬೇಕು. ಒತ್ತಡ ಕಡಿಮೆಯಿದ್ದರೆ ಪ್ಲೇಟಿಗೆ ಒಳ್ಳೆಯದು ಎಂಬ ನಂಬಿಕೆ ತಪ್ಪು. ಹಗುರವಾದ ಸೂಜಿ ಗೆರೆಯಲ್ಲಿ ಎಗರೆಗರಿ ಗೋಡೆಗೆ ಡಿಕ್ಕಿ ಹೊಡೆಯುತ್ತದೆ.

ಸೂಜಿಯ ತುದಿ ಎಲ್ಲಿ ನಿಲ್ಲಬೇಕೆಂದು ತೋರಿಸುವ ಅಳತೆಯ ಹಾಳೆಯನ್ನು ಮುದ್ರಿಸಿಕೊಳ್ಳುವವರು ಅದರ ಮೇಲಿನ ಅಳತೆಗೆರೆಯನ್ನು ಸ್ಕೇಲ್ ಇಟ್ಟು ಪರೀಕ್ಷಿಸಿ. ಜೆರಾಕ್ಸ್ ಅಂಗಡಿಯ ಹುಡುಗ ಹಾಳೆಗೆ ಹೊಂದಿಸಿ ಕುಗ್ಗಿಸಿ ಕೊಟ್ಟದ್ದನ್ನು ನಂಬಿ ನಾನು ಎರಡು ರಾತ್ರಿ ಹಾಳು ಮಾಡಿದ್ದೇನೆ. ಟೆಕ್ನಿಕ್ಸ್ ಎಸ್‌ಎಲ್-1200ರವರಿಗೆ ಈ ಕಷ್ಟವಿಲ್ಲ, ಹೆಡ್‌ಶೆಲ್‌ನ ಹಿಂದಿನ ರಬ್ಬರು ಉಂಗುರದಿಂದ ಸೂಜಿಯ ತುದಿಗೆ 52 ಮಿಲಿಮೀಟರ್, ಮುಗಿಯಿತು.

ತಂಗಿಯ ಮಗನಿಗೆ ಇಷ್ಟೆಲ್ಲ ಹೇಳಲಿಲ್ಲ. ಮೂರು ಫೋಟೊ ಕಳಿಸು ಎಂದೆ: ತೋಳಿನದು, ಆಂಪ್ಲಿಫೈಯರಿನ ಬೆನ್ನಿನದು, ಕಾರ್ಟ್ರಿಜ್‌ನ ಮುಖದ್ದು. ರಾತ್ರಿ ಬಂದವು. ಗ್ಯಾರಾರ್ಡ್ ಎಸ್‌ಪಿ25. ಆಂಪ್ಲಿಫೈಯರಿನಲ್ಲಿ ಫೋನೊ ಇತ್ತು. ಕಾರ್ಟ್ರಿಜ್‌ನ ಮುಖದ ಧೂಳಿನ ಅಡಿಯಲ್ಲಿ ಶೂರ್ ಎಂಬ ಹೆಸರು, ಪಕ್ಕದಲ್ಲಿ ಎಂ75 ಎಂಬ ಮಸುಕು ಅಕ್ಷರ. ಹೊಸ ಕಾರ್ಟ್ರಿಜ್ ಬೇಡ, ಎನ್75 ಸೂಜಿ, ಗೋಲ ತುದಿಯದು, ಈಗಿನ ತಯಾರಿಯದು ತರಿಸು ಎಂದು ಬರೆದೆ. "ಅಷ್ಟೇನಾ ಮಾವ?" ಎಂದು ಕೇಳಿದ. ಒಂದು ಪೆನ್ಸಿಲ್ ರಬ್ಬರನ್ನೂ ತೆಗೆದುಕೋ ಎಂದೆ.