ಸಣ್ಣ ಉರಿ ತೋರಿಸಿ

ಅಪ್ಪೆಮಿಡಿಯ ಕಾಲದಲ್ಲಿ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ನೆಟ್ಟಗೆ ಉತ್ತರ ಕೊಡುವುದಿಲ್ಲ. ಮರದಿಂದ ಇಳಿಸಿದ ಮಿಡಿ ಬೇಗ ಉಪ್ಪಿಗೆ ಬೀಳಬೇಕು, ಸೊನೆ ಆರಬಾರದು, ಏಟು ಬಿದ್ದದ್ದನ್ನು ಆರಿಸಿ ತೆಗೆಯಬೇಕು. ಹರಳುಪ್ಪಿನಲ್ಲಿ ಮಿಡಿ ಚಿರುಟಿದ ಮೇಲೆ ಅದು ಬಿಟ್ಟ ನೀರಿಗೆ ಮತ್ತಷ್ಟು ಉಪ್ಪುನೀರು ಕೂಡಿಸಿ ಕುದಿಸಿ, ಪೂರ್ತಿ ತಣಿಸಿ, ಅದರಲ್ಲೇ ಸಾಸಿವೆ, ಮೆಣಸಿನಕಾಯಿ, ಅರಿಶಿನ ರುಬ್ಬುವುದು ನಮ್ಮ ಕ್ರಮ. ಮನೆಮಟ್ಟಿಗೆ ಮಾಡುತ್ತಿದ್ದಾಗ ಅಡುಗೆಮನೆಯ ಒಲೆ ಸಾಕಾಗಿತ್ತು. ಸಾಗರದ ಅಂಗಡಿಗಳಿಗೆ ಉಪ್ಪಿನಕಾಯಿ ಕೊಡತೊಡಗಿದ ಮೇಲೆ ಒಂದು ಸಲಕ್ಕೆ 20 ಲೀಟರ್ ಕುದಿಸಬೇಕಾಯಿತು. ಅಷ್ಟು ನೀರು ಅಡುಗೆ ಒಲೆಯ ದೊಡ್ಡ ಬರ್ನರ್ ಮೇಲೆ ಕುದಿಗೆ ಬರಲು ಒಂದು ಗಂಟೆಗೂ ಮೀರುತ್ತದೆ. ಬಚ್ಚಲೊಲೆಯಲ್ಲಿ ಕುದಿಸಿದರೆ ಹೊಗೆಯ ವಾಸನೆ ಹಿಡಿಯುತ್ತದೆ. ಅಡಿಕೆ ಬೇಯಿಸುವ ತಾಮ್ರದ ಹಂಡೆಯಲ್ಲಂತೂ ಉಪ್ಪು, ಹುಳಿ ಯಾವುದನ್ನೂ ಹಾಕುವಂತಿಲ್ಲ. ಹೊರಗೆ ಅಂಗಳದಲ್ಲಿ ಇಟ್ಟುಕೊಳ್ಳಲು ಒಂದು ದೊಡ್ಡ ಗ್ಯಾಸ್ ಒಲೆ ಬೇಕು, ಆದರೆ ಮದುವೆ ಅಡುಗೆಯವರದರಷ್ಟು ದುಬಾರಿಯದು ಬೇಡ ಎಂದು ನಾನು ಗೊಣಗುತ್ತಿದ್ದಾಗ ಅಕ್ಕನ ಮಗ ಊರಿಗೆ ಬಂದಿದ್ದ.

ಅವನು ಇರುವುದು ಅಮೆರಿಕದ ಒರೆಗಾನಿನಲ್ಲಿ. ಅಲ್ಲಿ ಮನೆಯ ಗ್ಯಾರೇಜಿನ ಹೊರಗೆ ಬಿಯರ್ ಮಾಡುವುದು ಅವನ ಭಾನುವಾರದ ಹವ್ಯಾಸ. ಅಕ್ಕ ನೆಂಟರ ಮುಂದೆ ಇದನ್ನು "ಏನೋ ಬಾರ್ಲಿ ನೀರು ಕಾಯಿಸುತ್ತಾನಂತೆ" ಎಂದು ಹೇಳಿ ಮುಗಿಸುತ್ತಾಳೆ. ಅಲ್ಲಿ ಅದು ಕಳ್ಳತನವಲ್ಲ. ಜಿಮ್ಮಿ ಕಾರ್ಟರ್ ಅಧ್ಯಕ್ಷರಾಗಿದ್ದಾಗ, 1978ರಲ್ಲಿ, ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಕಾನೂನಿನಲ್ಲಿ ದಾರಿ ಮಾಡಿಕೊಟ್ಟರಂತೆ. ಮನೆಯಲ್ಲಿ ಇಬ್ಬರು ವಯಸ್ಕರಿದ್ದರೆ ವರ್ಷಕ್ಕೆ 200 ಗ್ಯಾಲನ್, ಅಂದರೆ 750 ಲೀಟರಿಗೂ ಹೆಚ್ಚು. ಮಾರುವಂತಿಲ್ಲ, ಅಷ್ಟೇ. "ಅಷ್ಟನ್ನೂ ಯಾರಪ್ಪಾ ಕುಡಿಯುತ್ತಾರೆ?" ಎಂದು ಕೇಳಿದರೆ ನಕ್ಕ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹಾಗಾಗಿ ಅವನ ವಿದ್ಯೆಯಲ್ಲಿ ನನಗೆ ಬೇಕಾದದ್ದು ಒಲೆಯ ಭಾಗ ಮಾತ್ರ, ಉಳಿದದ್ದನ್ನು ಸಮುದ್ರದ ಆಚೆಗೇ ಇಟ್ಟುಕೊಂಡಿರು ಎಂದು ಮೊದಲೇ ಹೇಳಿದೆ.

ಒಲೆಯ ಭಾಗ ಮಾತ್ರ ಎಂದರೂ ಅದು ಚೆನ್ನಾಗಿತ್ತು. ಅವನು ಒಂದು ಸಲಕ್ಕೆ ಮಾಡುವುದು ಐದು ಗ್ಯಾಲನ್, ಸುಮಾರು 19 ಲೀಟರ್. ಬಿಯರಿಗೂ ಉಪ್ಪಿನಕಾಯಿಗೂ ಪಾತ್ರೆಯ ಅಳತೆ ಒಂದೇ ಎಂದಾಯಿತು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ನುಚ್ಚನ್ನು 65ರಿಂದ 67 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆ ನೆನೆಸಿ, ಸೋಸಿ, ಆ ಸಿಹಿನೀರಿಗೆ ಹಾಪ್ಸ್ ಎಂಬ ಕಹಿ ಹೂವು ಹಾಕಿ ಮತ್ತೊಂದು ಗಂಟೆ ಕುದಿಸುತ್ತಾರಂತೆ. ಅಲ್ಲಿನವರು ಹಬ್ಬಕ್ಕೆ ಇಡೀ ಟರ್ಕಿ ಕೋಳಿಯನ್ನು ಎಣ್ಣೆಯಲ್ಲಿ ಕರಿಯಲು ಮೂರು ಕಾಲಿನ ಪ್ರೊಪೇನ್ ಒಲೆ ಬಳಸುತ್ತಾರೆ. ಅದೇ ಅಗ್ಗವೆಂದು ಬಿಯರ್ ಮಾಡುವವರೂ ಕೊಳ್ಳುತ್ತಾರೆ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬಿಟಿಯು ಲೆಕ್ಕ ಇರುತ್ತದೆ, ಗಂಟೆಗೆ 60,000 ಎಂದೋ ಇನ್ನೂ ಹೆಚ್ಚೆಂದೋ. ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡುವಷ್ಟು ಶಾಖಕ್ಕೆ ಒಂದು ಬಿಟಿಯು.

"ಆ ಅಂಕಿಗೆ ಮರುಳಾಗಬೇಡ ಚಿಕ್ಕಮ್ಮ. ಒಂದು ಕಿಲೋ ಗ್ಯಾಸ್ ಉರಿದರೆ ಬರುವುದೇ ಸುಮಾರು 44,000. ಅರವತ್ತು ಸಾವಿರದ ಒಲೆ ಪೂರ್ತಿ ತೆರೆದರೆ ಗಂಟೆಗೆ ಒಂದೂಕಾಲು ಕಿಲೋ ಮೀರಿ ನುಂಗುತ್ತದೆ" ಎಂದ. ಬಿಯರಿನ ನೀರು ಕುದಿ ಹತ್ತುವ ಹೊತ್ತಿಗೆ ನೊರೆ ಏರಿ ಉಕ್ಕುತ್ತದಂತೆ. ಆಗ ಉರಿಯನ್ನು ಥಟ್ಟನೆ ತಗ್ಗಿಸಬೇಕು, ಆದರೆ ಆರಬಾರದು. ಹಾಗೆ ತಗ್ಗುವ ಒಲೆ ಸಿಗುವುದೇ ಕಷ್ಟವೆಂದು ಅವನ ದೂರು. ನನಗೂ ಬೇಕಿದ್ದದ್ದು ಅಂಥದ್ದೇ. ಮುರುಗಲು ಸಿಪ್ಪೆಯ ಪಾಕ ಕಾಯಿಸುವಾಗ ಸಕ್ಕರೆ ತಳ ಹಿಡಿಯುವುದು ದೊಡ್ಡ ಉರಿಯಿಂದಲೇ.

ಶಿವಮೊಗ್ಗಕ್ಕೆ ಹೊರಟಾಗ ನಮ್ಮ ಸ್ಟೀಲಿನ ದೊಡ್ಡ ಪಾತ್ರೆಯನ್ನೂ ಜೊತೆಗೆ ಒಯ್ದೆ. ಅಳತೆ ಪಟ್ಟಿ ಸಾಕೆಂದು ಅವನು, ಪಾತ್ರೆಯೇ ಬೇಕೆಂದು ನಾನು. ಬಸ್ಸಿನಲ್ಲಿ ಕಂಡಕ್ಟರ್ ಅದಕ್ಕೆ ಲಗೇಜು ಟಿಕೆಟ್ ಹರಿಯಬೇಕೋ ಬೇಡವೋ ಎಂದು ಆನಂದಪುರದಿಂದ ಕುಂಸಿಯವರೆಗೂ ಯೋಚಿಸಿ, ಆಯನೂರಿನಲ್ಲಿ ಹರಿದೇಬಿಟ್ಟರು.

ಗಾಂಧಿ ಬಜಾರಿನ ಆಸುಪಾಸಿನ ಒಂದು ಅಂಗಡಿಯಲ್ಲಿ ಬೇರೆ ಬೇರೆ ಬೆಲೆಯ ಒಲೆಗಳಿದ್ದವು. ಯಜಮಾನರು ಎಲ್ಲಕ್ಕಿಂತ ಅಗ್ಗದ್ದನ್ನು ಹಚ್ಚಿ ತೋರಿಸಿದರು. ಉರಿ ಭೋರ್ಗರೆಯಿತು. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. "ಹೇಗಿದೆ ಅಮ್ಮಾ?" ಎಂದರು.

"ಚೆನ್ನಾಗಿದೆ. ಈಗ ಸಣ್ಣ ಉರಿ ತೋರಿಸಿ."

ಅವರು ಕೀಲಿ ತಿರುಗಿಸಿದರು. ಉರಿ ಒಂದು ಬದಿಗೆ ಹಳದಿಯಾಗಿ ವಾಲಿತು. ಇನ್ನಷ್ಟು ತಿರುಗಿಸಿದಾಗ ಪಟ್ಟೆಂದು ಆರಿತು. ಗಾಳಿ ಬಂತು ಎಂದರು. ಅಂಗಡಿಯ ಒಳಗೆ ಬರುವ ಗಾಳಿಗೇ ಆರುವುದು ನಮ್ಮ ಅಂಗಳದಲ್ಲಿ ಹೇಗೆ ನಿಂತೀತು? ಆರಿದ ಒಲೆ ಗ್ಯಾಸ್ ಬಿಡುತ್ತಲೇ ಇರುತ್ತದೆ. ಗ್ಯಾಸ್ ಗಾಳಿಗಿಂತ ಭಾರ, ಮೇಲೆ ಹಾರಿಹೋಗದೆ ತಗ್ಗಿನಲ್ಲಿ ಕೂರುತ್ತದೆ. ನಡುವಣ ಬೆಲೆಯದರಲ್ಲಿ ಬರ್ನರಿನ ಬುಡಕ್ಕೆ ಗಾಳಿ ಹೊಂದಿಸುವ ತಗಡಿತ್ತು. ಅಕ್ಕನ ಮಗ ಅದನ್ನು ಅತ್ತಿತ್ತ ಸರಿಸಿ ಹಳದಿ ಉರಿಯನ್ನು ನೀಲಿ ಮಾಡಿದ, ತಗ್ಗಿಸಿದ, ಸುತ್ತಲೂ ಮೊಗ್ಗಿನಷ್ಟೇ ಉರಿ ಸಮನಾಗಿ ನಿಂತಿತು. ನನ್ನ ಪಾತ್ರೆ ಇಟ್ಟು ನೋಡಿದೆ. ಮುಕ್ಕಾಲು ಪಾತ್ರೆ ಉಪ್ಪುನೀರು ತುಂಬಿದರೆ ಹತ್ತಿರಹತ್ತಿರ ಮೂವತ್ತು ಕಿಲೋ ಆಗುತ್ತದೆ. ಕಾಲುಗಳು ಗಿಡ್ಡಗೆ, ಅಗಲಕ್ಕೆ ನಿಂತಿದ್ದವು, ಅಲುಗಾಡಿಸಿದರೂ ಬಗ್ಗಲಿಲ್ಲ. ಅತಿ ದುಬಾರಿಯದಕ್ಕೆ ಹಿತ್ತಾಳೆಯ ತಲೆ, ಹೊಳಪಿನ ಚೌಕಟ್ಟು. ನಡುವಣದರದು ಬೀಡುಕಬ್ಬಿಣ, ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಆಗ ಎಣ್ಣೆ ಸವರಿ ಅಟ್ಟಕ್ಕೆ ಹಾಕಿದರಾಯಿತು. ಹೊಳಪಿಗೆ ದುಡ್ಡು ಕೊಡುವ ಜಾಯಮಾನ ನಮ್ಮದಲ್ಲ.

ಆದರೆ ಅಗ್ಗದ ಒಲೆ ಎಂಬುದು ಒಲೆಗೇ ಮುಗಿಯುವುದಿಲ್ಲ. ಇದು ಹೆಚ್ಚಿನ ಒತ್ತಡದ ಬರ್ನರ್. ಅಡುಗೆಮನೆಯ ರೆಗ್ಯುಲೇಟರ್ ಕೊಡುವ ಒತ್ತಡ ಸುಮಾರು 30 ಮಿಲಿಬಾರ್ ಮಾತ್ರ, ಅದರಲ್ಲಿ ಇದು ಉಸಿರಾಡುವುದೇ ಇಲ್ಲ. ಒತ್ತಡ ಹೊಂದಿಸುವ ಬೇರೆ ರೆಗ್ಯುಲೇಟರ್, ಅದನ್ನು ತಾಳುವ ಪೈಪು, ಕ್ಲಿಪ್ಪು ಎಲ್ಲ ಸೇರಿ ಒಲೆಯ ಬೆಲೆಯನ್ನೇ ಮೀರಿತು. ಯಜಮಾನರು ಅಗ್ಗದ ಪೈಪೊಂದನ್ನು ಮುಂದಿಟ್ಟರು. ಚೌಕಾಶಿಯಲ್ಲಿ ನಾನು ಹಿಂದೆ ಬೀಳುವವಳಲ್ಲ, ಆದರೂ ಆ ಮಾತಿಗೆ ಒಪ್ಪಲಿಲ್ಲ. ಉಳಿಸುವುದಿದ್ದರೆ ಒಲೆಯ ಬಣ್ಣದಲ್ಲಿ, ಬರ್ನರಿನ ಲೋಹದಲ್ಲಿ ಉಳಿಸಬಹುದು, ಪೈಪಿನಲ್ಲಿ ಅಲ್ಲ.

ಇನ್ನು ಸಿಲಿಂಡರು. ಮಾರುವ ಉಪ್ಪಿನಕಾಯಿಗೆ ಮನೆಯ 14.2 ಕಿಲೋದ ಕೆಂಪು ಸಿಲಿಂಡರ್ ಬಳಸುವಂತಿಲ್ಲ, 19 ಕಿಲೋದ ವಾಣಿಜ್ಯ ಸಿಲಿಂಡರೇ ಬೇಕು. ಕಿಲೋ ಲೆಕ್ಕದಲ್ಲಿ ಅದು ತುಟ್ಟಿ. ಕೆಂಪನ್ನೇ ಸಿಕ್ಕಿಸಿ ಕೆಲಸ ಮಾಡುವವರು ಊರಲ್ಲಿ ಇಲ್ಲವೆಂದಲ್ಲ, ಅವರ ಲೆಕ್ಕ ಅವರಿಗೆ.

ಮನೆಗೆ ಬಂದು ಅಂಗಳದ ಸಮತಟ್ಟಾದ ಜಾಗದಲ್ಲಿ ಒಲೆ ಇಟ್ಟೆವು. ಗಾಳಿ ಬೀಸುವ ಕಡೆ ಜಂಬಿಟ್ಟಿಗೆ ಕಲ್ಲಿನ ಸಣ್ಣ ಮರೆ, ಸಿಲಿಂಡರ್ ಪೈಪು ಎಟುಕುವಷ್ಟು ದೂರದಲ್ಲಿ, ನೆಟ್ಟಗೆ. ಕೀಲುಗಳಿಗೆಲ್ಲ ಸೋಪಿನ ನೀರು ಸವರಿ ಗುಳ್ಳೆ ಏಳುವುದಿಲ್ಲವೆಂದು ನೋಡಿ ಹಚ್ಚಿದೆವು. ಇಪ್ಪತ್ತು ಲೀಟರ್ ಉಪ್ಪುನೀರು ಅರ್ಧ ಗಂಟೆಯೊಳಗೆ ಕುದಿಯಿತು. ಅಷ್ಟರಲ್ಲಿ ಸಿಲಿಂಡರಿನ ಹೊಟ್ಟೆಗೆ ತಣ್ಣನೆಯ ಹನಿ ಕಟ್ಟಿತ್ತು. ಅತ್ತೆ ಮುಟ್ಟಿ, ಸೋರುತ್ತಿದೆಯೆಂದು ಗಾಬರಿಯಾದರು. ಒಳಗಿನ ದ್ರವ ಆವಿಯಾಗುವಾಗ ತನ್ನ ಶಾಖವನ್ನೇ ತಿನ್ನುತ್ತದೆ, ಅದಕ್ಕೆ ತಣ್ಣಗಾಗುತ್ತದೆ ಎಂದು ಮೊಮ್ಮಗನ ವಯಸ್ಸಿನವನು ವಿವರಿಸಿದ. ಅವನ ಊರಿನ ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೂ ಕುದಿಯುತ್ತದಂತೆ. ನಮ್ಮ ಸಿಲಿಂಡರಿನಲ್ಲಿ ಅದರ ಜೊತೆ ಸೇರಿರುವ ಬ್ಯೂಟೇನ್ ಹೆಚ್ಚುಕಡಿಮೆ ಸೊನ್ನೆಯ ಹತ್ತಿರವೇ ನಿಂತುಬಿಡುತ್ತದೆ. ಹಿಮ ಬೀಳುವಲ್ಲಿ ಅದು ಕೈ ಕೊಡುತ್ತದೆ, ಮಲೆನಾಡಿನ ಚಳಿಗೆ ಚಿಂತೆಯಿಲ್ಲ. ಅತ್ತೆ ಎಲ್ಲ ಕೇಳಿ, "ಸೋರುತ್ತಿಲ್ಲ ತಾನೇ?" ಎಂದರು.

ಅಡಿಕೆ ತೂಗುವ ತಕ್ಕಡಿಯಲ್ಲಿ ಸಿಲಿಂಡರನ್ನು ಮೊದಲೂ ಆಮೇಲೂ ತೂಗಿದೆ. ಅರ್ಧ ಕಿಲೋಗಿಂತ ತುಸು ಕಡಿಮೆ ಗ್ಯಾಸ್ ಹಿಡಿದಿತ್ತು. ಭರಣಿಯ ಬೆಲೆಗೆ ಹಂಚಿದರೆ ಹೊರೆಯೇನಲ್ಲ. ಅಕ್ಕನ ಮಗ ತೆರೆದಷ್ಟು ಬೇಗ ಕುದಿಯುತ್ತದೆಂದು ಇನ್ನೊಂದು ಸುತ್ತು ತಿರುಗಿಸಹೊರಟಿದ್ದ, ಉರಿ ಪಾತ್ರೆಯ ಬದಿಯಿಂದ ಮೇಲೇರಿ ನನ್ನ ದುಡ್ಡನ್ನೇ ಆಕಾಶಕ್ಕೆ ಕಳಿಸುತ್ತದೆಂದು ತಡೆದೆ.

ಅವನು ವಾಪಸು ಹೋದ. ಒಲೆ ಈಗ ಹಲಸಿನ ಹಪ್ಪಳದ ಕೆಲಸಕ್ಕೆ ಪಕ್ಕದ ಮನೆಗೆ ಹೋಗಿದೆ. ರೆಗ್ಯುಲೇಟರನ್ನೂ ಪೈಪನ್ನೂ ಜೊತೆಗೇ ಕಳಿಸಿದ್ದೇನೆ. ಇಲ್ಲವಾದರೆ ಅಡುಗೆಮನೆಯದನ್ನು ಸಿಕ್ಕಿಸಿ, ನಿಮ್ಮ ಒಲೆ ಉರಿಯುವುದೇ ಇಲ್ಲ ಎಂದು ಸಂಜೆಯೊಳಗೆ ದೂರು ಬರುತ್ತಿತ್ತು.