ಆವತ್ತು ನಿಮಗೆ ಬಡಿಸಿದವರು ಯಾರು?

ಗುರುವಾರದಿಂದ ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿದೆ. ನನ್ನನ್ನು ಕೇಳಿದ ಪ್ರಶ್ನೆ ಅಲ್ಲ ಅದು. ನನ್ನ ಗೆಳತಿಯನ್ನು ಅವಳ ಹೊಸ ಕೌನ್ಸೆಲರ್ ಕೇಳಿದ್ದು. "ಅಮ್ಮನ ಮಣ್ಣಾದ ದಿನ ನೀವು ಎಲ್ಲರಿಗೂ ಬಡಿಸಿದಿರಿ. ಆವತ್ತು ನಿಮಗೆ ಬಡಿಸಿದವರು ಯಾರು?"

"ಬರಿ, ಆದರೆ ನನ್ನ ಹೆಸರು ಹಾಕಬೇಡ" ಅಂತ ಗೆಳತಿ ಹೇಳಿದ್ದಾಳೆ. ಹಾಗಾಗಿ ಹೆಸರು ಬೇಡ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾದ ಪೂರ್ವಕ್ಕೆ ನಮ್ಮಿಬ್ಬರದು ಎದುರುಬದುರು ಮನೆ. ಒಂಬತ್ತು ವರ್ಷದ ಸ್ನೇಹ. ನನ್ನ ಮಗಳು ಅವಳನ್ನು ಆಂಟಿ ಅಂತಾಳೆ. ಇಲ್ಲಿನ ಕಪ್ಪು ಜನರ ಮನೆಗಳಲ್ಲೂ ಅಮ್ಮನ ಗೆಳತಿಯರು ಮಕ್ಕಳಿಗೆ ಆಂಟಿಯರೇ, ಹಾಗಾಗಿ ಅವಳಿಗೆ ಅದು ಮೊದಲ ದಿನವೇ ಹೊಂದಿಕೊಂಡಿತು. ಗೆಳತಿ ಕಪ್ಪು ಹೆಣ್ಣುಮಗಳು, ಹುಟ್ಟಿದ್ದು ಮೇಕನ್‌ನಲ್ಲಿ, ಇಲ್ಲಿಂದ ದಕ್ಷಿಣಕ್ಕೆ ಒಂದೂವರೆ ಗಂಟೆ ದಾರಿ. ಟೀಚರ್. ಜನವರಿಯಲ್ಲಿ ಅವಳ ತಾಯಿ ತೀರಿಕೊಂಡರು. ಗುರುವಾರ ಅವಳ ಕಾರು ಗ್ಯಾರೇಜಿನಲ್ಲಿತ್ತು, ನಾನೇ ಕರೆದುಕೊಂಡು ಹೋದೆ. ಹೊರಗೆ ಕುರ್ಚಿಯಲ್ಲಿ ಐವತ್ತು ನಿಮಿಷ ಕಾದೆ. ಗೋಡೆಯ ಮೇಲೆ ಜಡೆ ಹೆಣೆಸಿಕೊಳ್ಳುತ್ತಿರುವ ಪುಟ್ಟ ಹುಡುಗಿಯ ಚಿತ್ರವೊಂದಿತ್ತು, ಕುಳಿತವಳು ಅಮ್ಮನ ಮೊಣಕಾಲುಗಳ ನಡುವೆ. ನಮ್ಮ ಅವ್ವ ನನಗೆ ಎಣ್ಣೆ ಹಚ್ಚಿ ಹೆಣೆಯುತ್ತಿದ್ದುದೂ ಹಾಗೇ ಕೂರಿಸಿಕೊಂಡು.

ಅವಳು ಹೊರಗೆ ಬಂದಾಗ ಕಣ್ಣು ಊದಿತ್ತು. ಕಾರಿನಲ್ಲಿ ಕೂತು, ಸೀಟ್ ಬೆಲ್ಟ್ ಹಾಕಿಕೊಂಡು, ತುಂಬಾ ಹೊತ್ತಿನ ಮೇಲೆ ಹೇಳಿದಳು. "ಇವತ್ತು ನಾನು ಏನನ್ನೂ ಬಿಡಿಸಿ ಹೇಳಬೇಕಾಗಿ ಬರಲಿಲ್ಲ." ಆಮೇಲೆ ಆ ಪ್ರಶ್ನೆಯ ವಿಷಯ ಹೇಳಿದಳು. ಕೇಳಿದ ತಕ್ಷಣ ನನಗೆ ಕಾರು ಓಡಿಸುವುದಕ್ಕೆ ಆಗಲಿಲ್ಲ, ಪಕ್ಕದ ಪೆಟ್ರೋಲ್ ಬಂಕಿಗೆ ತಿರುಗಿಸಿ ನಿಲ್ಲಿಸಿದೆ.

ಯಾಕೆಂದರೆ ಆವತ್ತು ನಾನು ಅಲ್ಲೇ ಇದ್ದೆ.

ಇಲ್ಲಿನ ಕಪ್ಪು ಜನರ ಚರ್ಚುಗಳಲ್ಲಿ ಅಂತ್ಯಸಂಸ್ಕಾರಕ್ಕೆ 'ಹೋಮ್‌ಗೋಯಿಂಗ್' ಅಂತಾರೆ, ಮನೆಗೆ ಮರಳುವುದು. ಹಾಡು, ಪ್ರಾರ್ಥನೆ, ಅಳು, ನಗು ಎಲ್ಲ ಸೇರಿ ಎರಡು ಮೂರು ಗಂಟೆ ನಡೆಯುತ್ತದೆ. ಅದಾದ ಮೇಲೆ ಚರ್ಚಿನ ಹಾಲ್‌ನಲ್ಲಿ ಎಲ್ಲರಿಗೂ ಊಟ. ಅದಕ್ಕೆ 'ರಿಪಾಸ್ಟ್' ಅಂತ ಹೆಸರು. ನಮ್ಮ ತಿಥಿ ಊಟ ಕಂಡವರಿಗೆ ಅದು ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಫ್ರೈಡ್ ಚಿಕನ್, ಮ್ಯಾಕ್ ಅಂಡ್ ಚೀಸ್, ಪೌಂಡ್ ಕೇಕ್, ಕಾಲರ್ಡ್ ಸೊಪ್ಪು. ಆ ಸೊಪ್ಪನ್ನು ಇಲ್ಲಿ ಸಾಮಾನ್ಯವಾಗಿ ಹೊಗೆ ಹಾಕಿದ ಮಾಂಸದ ತುಂಡು ಹಾಕಿಯೇ ಬೇಯಿಸುತ್ತಾರೆ. ನಾನು ಮಾಂಸ ತಿನ್ನುವುದಿಲ್ಲ ಅಂತ ಅವಳು ಆವತ್ತು ಬೆಳಿಗ್ಗೆ ನನಗಾಗಿಯೇ ಒಂದು ಸಣ್ಣ ಪಾತ್ರೆಯಲ್ಲಿ ಬೇರೆ ಮಾಡಿಟ್ಟಿದ್ದಳು. ತಾಯಿಯ ಮಣ್ಣಿನ ದಿನ ಬೆಳಿಗ್ಗೆ! ನಾನು ಅದನ್ನು ಹಾಕಿಸಿಕೊಂಡು ತಿಂದೆ. ತಿಂದು ಅವಳ ಭುಜ ಹಿಡಿದು ಹೇಳಿದೆ, "ನೀನು ಎಷ್ಟು ಗಟ್ಟಿಗಿತ್ತಿ. ನನ್ನ ಕೈಲಿ ಆಗುತ್ತಿರಲಿಲ್ಲ." ಇಂಗ್ಲಿಷಿನಲ್ಲಿ ಸ್ಟ್ರಾಂಗ್ ಅಂದಿದ್ದು, ಆದರೆ ಮನಸ್ಸಿನಲ್ಲಿದ್ದ ಪದ ಇದೇ. ಅವಳು ನಕ್ಕಳು. ಇನ್ನಷ್ಟು ಸೊಪ್ಪು ಹಾಕಿದಳು.

ಇದೇ ಮಾತನ್ನು ಆ ಹಾಲ್‌ನಲ್ಲಿ ಕಡಿಮೆ ಅಂದರೂ ಇಪ್ಪತ್ತು ಜನ ಹೇಳಿರಬೇಕು. ಪಾದ್ರಿ ಹೇಳಿದರು. ಅವಳ ದೊಡ್ಡಮ್ಮ ಹೇಳಿದರು. ತಮ್ಮಂದಿರು ಹೇಳಿದರು. ಆ ತಮ್ಮಂದಿರ ಬಗ್ಗೆ ನನಗೆ ಸಿಟ್ಟಿದೆ, ಇಬ್ಬರೂ ನಲವತ್ತು ದಾಟಿದವರು, ಒಂದು ಕುರ್ಚಿ ಎತ್ತಿಡಲಿಲ್ಲ. ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಮಾತು ಕೇಳಿದ ಮೇಲೆ ಅವಳು ಕೂತು ಅಳುವುದು ಹೇಗೆ? ಇದನ್ನು ಓದಿ ಅಭ್ಯಾಸ ಮಾಡಿದವರೂ ಇದ್ದಾರೆ. ನಾರ್ತ್ ಕ್ಯಾರೊಲೈನಾದ ನರ್ಸಿಂಗ್ ಸಂಶೋಧಕಿ ಶೆರಿಲ್ ವುಡ್ಸ್-ಗಿಸ್ಕೋಂಬೆ 2010ರಲ್ಲಿ ಕಪ್ಪು ಹೆಣ್ಣುಮಕ್ಕಳ ಜೊತೆ ಮಾತಾಡಿಯೇ ಬರೆದಿದ್ದರು. ಗಟ್ಟಿಯಾಗಿ ಕಾಣಬೇಕು, ಅಳು ನುಂಗಬೇಕು, ಯಾರ ಹತ್ತಿರವೂ ಕೈ ಚಾಚಬಾರದು, ಏನೂ ಇಲ್ಲದಿದ್ದರೂ ಮುಂದೆ ಬರಬೇಕು, ಮತ್ತು ತನಗಿಂತ ಮೊದಲು ಬೇರೆಯವರನ್ನು ನೋಡಬೇಕು ಅನ್ನುವ ಹೊರೆ ಇವರ ಮೇಲೆ ಇರುತ್ತದೆ ಅಂತ. ಅದಕ್ಕೆ ಅವರು ಇಟ್ಟ ಹೆಸರು ಸೂಪರ್‌ವುಮನ್. ಓದುತ್ತಾ ಹೋದರೆ ಒಂದೊಂದು ಸಾಲಿಗೂ ಆ ಹಾಲ್‌ನಲ್ಲಿ ಸೌಟು ಹಿಡಿದು ನಿಂತ ನನ್ನ ಗೆಳತಿಯೇ ಕಾಣುತ್ತಾಳೆ.

ಈ ಹೊಸ ಕೌನ್ಸೆಲರ್‌ಗಿಂತ ಮೊದಲು ಅವಳು ಇನ್ನೊಬ್ಬರ ಹತ್ತಿರ ಹೋಗಿದ್ದಳು. ಕೆಲಸದ ಕಡೆಯಿಂದ ಆರು ಸಲ ಉಚಿತ. ಆಕೆ ಬಿಳಿಯ ಹೆಂಗಸು, ಮೆತ್ತಗಿನ ಮಾತು, ಒಳ್ಳೆಯವರೇ. ಆದರೆ ಮೊದಲ ದಿನ ಪೂರ್ತಿ ಇವಳು ಪಾಠ ಮಾಡಿದ್ದೇ ಆಯಿತು. ಹೋಮ್‌ಗೋಯಿಂಗ್ ಅಂದರೇನು, ರಿಪಾಸ್ಟ್ ಅಂದರೇನು, ಅಷ್ಟು ಹೊತ್ತು ಯಾಕೆ, ಅಷ್ಟು ಜನ ಯಾಕೆ, ಅಷ್ಟು ಅಡುಗೆ ಯಾಕೆ. ಮೂರನೇ ಸಲ ಹೋದಾಗ, ಆಸ್ಪತ್ರೆಯಲ್ಲಿ ಅಮ್ಮ ನೋವು ಅಂತ ಎರಡು ದಿನ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಅಂದಳಂತೆ. ಬಂದ ಉತ್ತರ, "ಅದು ಬಣ್ಣದ ಕಾರಣಕ್ಕೇ ಅಂತ ನಿಮಗೆ ಹೇಗೆ ಗೊತ್ತು?" ಆಮೇಲೆ, "ಮೊದಲು ನಿಮ್ಮ ಸಿಟ್ಟನ್ನು ಹತೋಟಿಗೆ ತರೋಣ." ನಾಲ್ಕನೇ ಸಲ ಇವಳು ಹೋಗಲಿಲ್ಲ.

ಹೇಗೆ ಗೊತ್ತು? 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದವರು ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನೂ ಕಲಿಕೆಯಲ್ಲಿದ್ದ ಡಾಕ್ಟರುಗಳನ್ನೂ ಕೇಳಿ ನೋಡಿದಾಗ, ಅರ್ಧದಷ್ಟು ಜನ ಕಪ್ಪು ಜನರ ಚರ್ಮ ದಪ್ಪ ಅನ್ನುವಂಥ ಒಂದಾದರೂ ಸುಳ್ಳನ್ನು ನಂಬಿದ್ದರು. ಹೆರಿಗೆ, ಬಸಿರಿನ ಕಾರಣಕ್ಕೆ ಈ ದೇಶದ ಕಪ್ಪು ಹೆಣ್ಣುಮಕ್ಕಳು ಸಾಯುವ ಪ್ರಮಾಣ ಬಿಳಿಯರಿಗಿಂತ ಸುಮಾರು ಮೂರು ಪಟ್ಟು. ಇವಳಿಗೆ ಈ ಲೆಕ್ಕ ಯಾರೂ ಹೇಳಬೇಕಿಲ್ಲ, ಚಿಕ್ಕಮ್ಮನ ಮಗಳನ್ನು ಕಳೆದುಕೊಂಡಿದ್ದಾಳೆ. ಅಂಥವಳಿಗೆ ಸಿಟ್ಟು ಹತೋಟಿಗೆ ತರೋಣ ಅಂದರೆ ಅವಳು ಏನು ಮಾಡಬೇಕು? ಕಪ್ಪು ಹೆಂಗಸು ಅಂದರೆ ಸಿಟ್ಟಿನವಳು ಅನ್ನುವುದನ್ನು ಹುಟ್ಟಿದಾಗಿನಿಂದ ಕೇಳಿಸಿಕೊಂಡವಳು ಅವಳು. ಸ್ಟಾಫ್ ಮೀಟಿಂಗಿನಲ್ಲಿ ದನಿ ಏರದ ಹಾಗೆ ಎಷ್ಟು ಎಚ್ಚರ ವಹಿಸುತ್ತಾಳೆ ಅಂತ ನನಗೆ ಗೊತ್ತು.

ಕೌನ್ಸೆಲಿಂಗಿಗೆ ಹೋಗುವುದಕ್ಕೇ ಅವಳು ಹೆದರಿದ್ದಳು. ಮೇಕನ್ ಹತ್ತಿರ ಮಿಲೆಜ್‌ವಿಲ್ ಅಂತ ಊರಿದೆ. ಅಲ್ಲಿ 1842ರಲ್ಲಿ ಶುರುವಾದ ಸರ್ಕಾರಿ ಹುಚ್ಚಾಸ್ಪತ್ರೆ, 1960ರ ದಶಕದಲ್ಲಿ ಸುಮಾರು 12,000 ಜನ ತುಂಬಿದ್ದರು. ಕಪ್ಪು ರೋಗಿಗಳಿಗೆ ಬೇರೆ ಕಟ್ಟಡ. ಸತ್ತವರಲ್ಲಿ ಸುಮಾರು 25,000 ಜನರನ್ನು ಅಲ್ಲೇ ಹೂತಿದ್ದಾರೆ. ಹೆಸರಿಲ್ಲದೆ, ಬರೀ ನಂಬರ್ ಇದ್ದ ಕಬ್ಬಿಣದ ಗೂಟಗಳಡಿ ಎಷ್ಟೋ ಜನ. ಜಾರ್ಜಿಯಾದಲ್ಲಿ ಹಟ ಮಾಡುವ ಮಕ್ಕಳಿಗೆ "ಮಿಲೆಜ್‌ವಿಲ್‌ಗೆ ಕಳಿಸ್ತೀನಿ" ಅಂತ ಹೆದರಿಸುತ್ತಿದ್ದರಂತೆ. ಅವಳು ಇದನ್ನು ಹೇಳಿದಾಗ ನನಗೆ ಮೈ ಝುಂ ಅಂದಿತು. ನಮ್ಮ ಗದಗಿನ ಮನೆಯಲ್ಲಿ ಅವ್ವ, "ಹೀಂಗ ಮಾಡಿದ್ರ ಧಾರವಾಡಕ್ಕ ಕಳಸ್ತೀನಿ ನೋಡು" ಅಂತಿದ್ದಳು. ಧಾರವಾಡ ಅಂದರೆ ಅಲ್ಲಿನ ಹುಚ್ಚಾಸ್ಪತ್ರೆ ಅಂತ ಎಲ್ಲ ಮಕ್ಕಳಿಗೂ ಗೊತ್ತಿತ್ತು. ನಾನು ಎಷ್ಟೋ ವರ್ಷ ಆ ಊರಿನ ಬಸ್ಸು ನೋಡಿದರೆ ಅವ್ವನ ಸೆರಗು ಹಿಡಿದುಕೊಳ್ಳುತ್ತಿದ್ದೆ.

ಆದರೆ ಅವರ ಹೆದರಿಕೆ ನಮ್ಮದಕ್ಕಿಂತ ಆಳದ್ದು. 1851ರಲ್ಲಿ ಲೂಸಿಯಾನಾದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಅನ್ನುವ ಡಾಕ್ಟರ್, ಗುಲಾಮರು ತಪ್ಪಿಸಿಕೊಂಡು ಓಡುವುದೇ ಒಂದು ಮಾನಸಿಕ ಕಾಯಿಲೆ ಅಂತ ಬರೆದ, ಅದಕ್ಕೊಂದು ಹೆಸರೂ ಕೊಟ್ಟ, ಛಡಿ ಏಟನ್ನೂ ಮದ್ದಿನ ಹಾಗೆ ಹೇಳಿದ. ಅಮೆರಿಕದ ಮನಃಶಾಸ್ತ್ರಜ್ಞರ ದೊಡ್ಡ ಸಂಘ ಇಂಥ ಜನಾಂಗಭೇದದಲ್ಲಿ ತನ್ನ ಪಾಲಿಗೆ ಕ್ಷಮೆ ಕೇಳಿದ್ದು 2021ರ ಅಕ್ಟೋಬರ್‌ನಲ್ಲಿ. ಮೊನ್ನೆ ಮೊನ್ನೆ! ಅವಳ ದೊಡ್ಡಮ್ಮ ಇಂದಿಗೂ "ಪ್ರಾರ್ಥನೆ ಮಾಡು, ಮನೆ ಮಾತು ಹೊರಗಿನವರ ಮುಂದೆ ಯಾಕೆ" ಅಂತಾರೆ. ಮೊದಲೆಲ್ಲ ಆ ಮುದುಕಿಯ ಮೇಲೆ ನನಗೆ ಬೇಸರ ಬರುತ್ತಿತ್ತು. ಈಗ ಬರುವುದಿಲ್ಲ. ಆಡಿದ ಮಾತು ಯಾವ ಫೈಲಿಗೆ ಹೋಗುತ್ತದೆ ಅಂತ ಹೆದರುವುದನ್ನು ಆಕೆ ಕಂಡು ಕಲಿತಿದ್ದಾರೆ.

ಹೊಸ ಕೌನ್ಸೆಲರ್ ಸಿಕ್ಕಿದ್ದು ಒಂದು ಪಟ್ಟಿಯಿಂದ. ಜಾಯ್ ಹಾರ್ಡನ್ ಬ್ರಾಡ್‌ಫರ್ಡ್ ಅಂತ ಇದೇ ಅಟ್ಲಾಂಟಾದ ಮನಃಶಾಸ್ತ್ರಜ್ಞೆ, 2014ರಲ್ಲಿ 'ಥೆರಪಿ ಫಾರ್ ಬ್ಲ್ಯಾಕ್ ಗರ್ಲ್ಸ್' ಅನ್ನುವ ಆನ್‌ಲೈನ್ ತಾಣ ಶುರು ಮಾಡಿದವರು, ಪಟ್ಟಿ ಅದರದ್ದೇ. ಕಪ್ಪು ಹೆಣ್ಣುಮಕ್ಕಳು ತಮ್ಮ ಊರಿನ ಹತ್ತಿರ ತಮ್ಮನ್ನು ಬಲ್ಲ ಥೆರಪಿಸ್ಟ್ ಹುಡುಕಿಕೊಳ್ಳಲಿ ಅಂತ. ಇನ್ನೊಂದು, ಲವ್‌ಲ್ಯಾಂಡ್ ಫೌಂಡೇಶನ್, 2018ರದ್ದು, ಫೀಸು ಕಟ್ಟಲಾಗದವರಿಗೆ ಹಣದ ಸಹಾಯ ಮಾಡುತ್ತದೆ. ಆದರೂ ಇವಳು ಮೂರು ತಿಂಗಳು ಕಾಯಬೇಕಾಯಿತು. ದೇಶದ ಮನಃಶಾಸ್ತ್ರಜ್ಞರಲ್ಲಿ ಕಪ್ಪು ಜನ ನೂರಕ್ಕೆ ನಾಲ್ಕೈದು ಅಷ್ಟೇ. ಕಾಯದೆ ಇನ್ನೇನು? ಇನ್ಶೂರೆನ್ಸ್ ಕೂಡ ಇವರ ಹತ್ತಿರ ನಡೆಯುವುದಿಲ್ಲ, ಕೈಯಿಂದಲೇ ಕೊಡುತ್ತಿದ್ದಾಳೆ.

ಹೋದ ತಕ್ಷಣ ಈ ಕೌನ್ಸೆಲರ್ ಕೇಳಿದ್ದು ಕಾಯಿಲೆಯ ವಿಷಯ ಅಲ್ಲವಂತೆ. "ಯಾವ ಊರಿನವರು ನೀವು? ಯಾರ ಮನೆಯವರು?" ಅಮೆರಿಕದ ದಕ್ಷಿಣದಲ್ಲಿ ಹಿರಿಯರು ಹೀಗೇ ಕೇಳುತ್ತಾರೆ, ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿ ಕೇಳುವ ಹಾಗೆ. ಇವಳು ಮೇಕನ್ ಅಂದಳು, ಅಮ್ಮನ ಹೆಸರು ಹೇಳಿದಳು, ಚರ್ಚಿನ ಹೆಸರು ಹೇಳಿದಳು. ರಿಪಾಸ್ಟ್ ಅಂದಾಗ ಆಕೆ ಸುಮ್ನೆ ತಲೆಯಾಡಿಸಿದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದ್ದೇ ಆ ಪ್ರಶ್ನೆ.

ರಿಪಾಸ್ಟ್ ಗೊತ್ತಿಲ್ಲದವರ ಬಾಯಲ್ಲಿ ಆ ಪ್ರಶ್ನೆ ಹುಟ್ಟುವುದೇ ಇಲ್ಲ, ಅಲ್ವಾ? ಸತ್ತವರ ಮನೆಯವರು ಕೂರಬೇಕು, ಬೇರೆಯವರು ತಟ್ಟೆ ತಂದುಕೊಡಬೇಕು ಅನ್ನುವ ರೂಢಿ ಆಕೆಗೆ ಗೊತ್ತು. ಆ ರೂಢಿ ಹಿರಿಮಗಳ ಪಾಲಿಗೆ ಮಾತ್ರ ತಪ್ಪಿಹೋಗುತ್ತದೆ ಅನ್ನುವುದೂ ಗೊತ್ತು. ಪ್ರಾರ್ಥನೆ ಬಿಡಿ ಅಂತ ಆಕೆ ಹೇಳಲಿಲ್ಲ, ಮನೆಯವರಿಂದ ದೂರ ಇರಿ ಅಂತ ಹೇಳಲಿಲ್ಲ, ಗಟ್ಟಿಗಿತ್ತಿ ಅಂತಲೂ ಹೇಳಲಿಲ್ಲ.

ರಾತ್ರಿ ಇದನ್ನೆಲ್ಲ ಹೇಳಿದಾಗ ನನ್ನ ಗಂಡ ಕೇಳಿದರು, "ಒಳ್ಳೆಯ ಕೌನ್ಸೆಲರ್ ಆದರೆ ಯಾರನ್ನಾದರೂ ನೋಡಬೇಕಲ್ಲ? ಬಣ್ಣ ಯಾಕೆ ಬೇಕು?" ನ್ಯಾಯದ ಪ್ರಶ್ನೆಯೇ. ಮನಸ್ಸಿಟ್ಟು ಕಲಿತ ಬಿಳಿಯರೂ ಇದ್ದಾರೆ, ಬಣ್ಣ ಒಂದೇ ಆದ ಮಾತ್ರಕ್ಕೆ ಎಲ್ಲ ತಿಳಿಯುವುದೂ ಇಲ್ಲ. ಆದರೆ ಐವತ್ತು ನಿಮಿಷದಲ್ಲಿ ಮೂವತ್ತು ನಿಮಿಷ ಪಾಠ ಹೇಳುವುದಕ್ಕೇ ಹೋದರೆ ನೋವಿಗೆ ಉಳಿಯುವುದು ಎಷ್ಟು? ನನಗೂ ಇದರ ರುಚಿ ಗೊತ್ತು. 2020ರಲ್ಲಿ ಅಪ್ಪ ಹೋದಾಗ ವಿಮಾನ ಇರಲಿಲ್ಲ, ಫೋನಿನಲ್ಲಿ ಚಿತೆ ನೋಡಿದೆ. ಆಫೀಸಿನ ಕೌನ್ಸೆಲರ್‌ಗೆ ಹದಿಮೂರು ದಿನ ಅಂದರೇನು ಅಂತ ಹೇಳುವುದರಲ್ಲೇ ಸುಸ್ತಾಗಿ ಎರಡೇ ಸಲಕ್ಕೆ ಬಿಟ್ಟೆ. ಆದರೂ ನಾನು ವೀಸಾ ಹಿಡಿದು ಹೊರಗಿನಿಂದ ಬಂದವಳು, ನನ್ನದನ್ನು ನಾನು ಬಿಡಿಸಿ ಹೇಳಬೇಕಾಗುತ್ತದೆ ಅನ್ನೋಣ. ಅವಳ ಮುತ್ತಜ್ಜಿ ಹತ್ತಿ ಬಿಡಿಸಿದ್ದು ಇದೇ ಜಾರ್ಜಿಯಾದ ಹೊಲಗಳಲ್ಲಿ. ತನ್ನದೇ ನೆಲದಲ್ಲಿ, ತನ್ನ ತಾಯಿಯ ಸಾವಿನ ಊಟ ಯಾಕೆ ಅಂತ ಅವಳು ಹೇಳಿಕೊಡಬೇಕಾ?

ನಮ್ಮವರ ಬಗ್ಗೆಯೂ ಹೇಳಲೇಬೇಕು. ಈ ಮನೆ ಕೊಳ್ಳುವಾಗ ಪರಿಚಯದ ಕನ್ನಡದವರೊಬ್ಬರು, "ಅಯ್ಯೋ, ಕರಿಯರ ಏರಿಯಾ, ಬೇಡ" ಅಂದಿದ್ದರು. ಆಗ ನಾನು ಎದುರು ಮಾತಾಡಲಿಲ್ಲ. ಅವರು ಇಂದಿಗೂ ಸಿಕ್ಕಾಗ "ಸೇಫಾ ಅಲ್ಲಿ?" ಅಂತ ಕೇಳುತ್ತಾರೆ. ನನಗೆ ಎರಡನೇ ಹೆರಿಗೆಯಾಗಿ ಊರಿಂದ ಯಾರೂ ಬರಲಾಗದಿದ್ದಾಗ ನಲವತ್ತು ದಿನ ಬಾಗಿಲಿಗೆ ಊಟ ತಂದವಳು ಎದುರು ಮನೆಯ ಇವಳು. ಮುಂದಿನ ಸಲ ಅವರು ಕೇಳಿದರೆ ಇದನ್ನು ಹೇಳುತ್ತೇನೆ.

ಕಾರಿನಲ್ಲಿ ನಾನು ಅವಳ ಕ್ಷಮೆ ಕೇಳಿದೆ. "ನಾನೂ ಅದನ್ನೇ ಅಂದಿದ್ದೆ ಆವತ್ತು" ಅಂದೆ. "ಗೊತ್ತು, ಎಲ್ಲರೂ ಅಂದರು" ಅಂದಳು. ಆಮೇಲೆ, "ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆವತ್ತು ಉಂಡೆನೋ ಇಲ್ಲವೋ, ಅದೇ ನೆನಪಿಲ್ಲ" ಅಂದಳು.

ಮನೆಗೆ ಬಂದು ಫೋನಿನಲ್ಲಿ ಆ ದಿನದ ಫೋಟೋ ಹುಡುಕಿದೆ. ಇಪ್ಪತ್ತಮೂರು ಇವೆ. ಒಂಬತ್ತರಲ್ಲಿ ಅವಳಿದ್ದಾಳೆ. ಒಂಬತ್ತರಲ್ಲೂ ನಿಂತಿದ್ದಾಳೆ, ಕೈಯಲ್ಲಿ ಸೌಟೋ ಟ್ರೇನೋ. ಒಂದರಲ್ಲಿ ನಾನು ತಟ್ಟೆಯ ಮುಂದೆ ಕೂತು ಕ್ಯಾಮೆರಾ ನೋಡುತ್ತಿದ್ದೇನೆ, ಪಕ್ಕದಿಂದ ಒಂದು ಕೈ ಬಂದು ಸೊಪ್ಪು ಬಡಿಸುತ್ತಿದೆ. ಮುಖ ಕಾಣುವುದಿಲ್ಲ. ಬಳೆ ನೋಡಿದರೆ ಗೊತ್ತಾಗುತ್ತದೆ, ನಾನೇ ಗದಗಿನಿಂದ ತಂದುಕೊಟ್ಟ ಹಸಿರು ಬಳೆ.